ಕೂಸು ನೋಡಿಕೊಳ್ಳುವಾಕೆಯ ಪಗಾರಕ್ಕೆ ತೆರಿಗೆ ಕಟ್ಟಬೇಕೇ?

ಗಂಡ–ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳು ಈಗ ಬೆಂಗಳೂರಿನಲ್ಲಷ್ಟೇ ಇಲ್ಲ. ಸೇಡಂನ ಸಿಮೆಂಟ್ ಕಾಲೊನಿ, ವಾಡಿಯ ರೈಲ್ವೆ ಕ್ವಾರ್ಟರ್ಸ್, ಚಿತ್ತಾಪುರ, ಶಹಾಬಾದ್, ಚಿಂಚೋಳಿಗಳ ಶಿಕ್ಷಕರ, ನರ್ಸುಗಳ, ಬ್ಯಾಂಕ್ ನೌಕರರ ಮನೆಗಳಲ್ಲೂ ಬೆಳಿಗ್ಗೆ ಕೂಸನ್ನು ಒಬ್ಬ ಹೆಣ್ಣುಮಗಳ ಕೈಗೆ ಕೊಟ್ಟು ಹೊರಡುವುದಿದೆ. ಆಕೆಯನ್ನು ಕೆಲವರು ಆಯಾ ಎನ್ನುತ್ತಾರೆ, ಕೆಲವರು ಬಾಯಿ ಎನ್ನುತ್ತಾರೆ, ಈ ಭಾಗದ ಮಾತಿನಲ್ಲಿ ‘ಕೂಸು ನೋಡಾಕಿ’.

ಆಕೆಗೆ ತಿಂಗಳ ಪಗಾರ ಕೊಡುವವರಿಗೆ ಒಂದು ಅನುಮಾನ ಇದ್ದೇ ಇರುತ್ತದೆ: ನಾವು ಈಗ ‘ಮಾಲೀಕರು’ ಆದೆವಲ್ಲ, ಕಂಪನಿಯವರ ಹಾಗೆ ನಾವೂ ಸರ್ಕಾರಕ್ಕೆ ಏನಾದರೂ ಕಟ್ಟಬೇಕೇ? ಅಂತರ್ಜಾಲದಲ್ಲಿ ಹುಡುಕಿದರೆ ‘ನ್ಯಾನಿ ಟ್ಯಾಕ್ಸ್’ ಎಂಬ ಮಾತು ಎದುರಾಗುತ್ತದೆ. ಕಟ್ಟದಿದ್ದರೆ ದಂಡ, ಬಡ್ಡಿ ಎಂದೆಲ್ಲ ಓದಿ ಗಾಬರಿಯಾಗುತ್ತದೆ.

ಚಿಕ್ಕ ಉತ್ತರ: ಕಟ್ಟಬೇಕಿಲ್ಲ. ಆ ಲೇಖನಗಳು ಬಹುತೇಕ ಅಮೆರಿಕದ ಕಾನೂನಿನ ಬಗ್ಗೆ ಬರೆದವು. ಆದರೆ ಅಲ್ಲಿ ಆ ತೆರಿಗೆ ಏಕಿದೆ ಎಂದು ನೋಡಿದರೆ, ಇಲ್ಲಿ ಅದು ಇಲ್ಲದಿರುವುದು ಅಷ್ಟೇನೂ ನೆಮ್ಮದಿಯ ಸಂಗತಿಯಲ್ಲ ಎಂದು ತಿಳಿಯುತ್ತದೆ.

ಅಮೆರಿಕದಲ್ಲಿ ಇರುವುದು ಏನು?

ಅಲ್ಲಿ ಒಂದು ಕುಟುಂಬ ಮನೆಗೆಲಸದವರಿಗೆ ವರ್ಷಕ್ಕೆ ನಿಗದಿತ ಮೊತ್ತಕ್ಕಿಂತ ಹೆಚ್ಚು ಕೊಟ್ಟರೆ (2025ಕ್ಕೆ ಈ ಮಿತಿ 2,800 ಡಾಲರ್) ಸೋಷಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ ಹೆಸರಿನಲ್ಲಿ ವೇತನದ ಶೇ 7.65ರಷ್ಟನ್ನು ಕುಟುಂಬ ಕಟ್ಟಬೇಕು. ಅಷ್ಟೇ ಮೊತ್ತ ಕೆಲಸದಾಕೆಯ ಪಾಲಿನಿಂದಲೂ ಹೋಗಬೇಕು. ನ್ಯಾನಿ ಟ್ಯಾಕ್ಸ್ ಎನ್ನುವುದು ಮುಖ್ಯವಾಗಿ ಇದನ್ನೇ. ಹೆಸರು ತೆರಿಗೆ ಎಂದಿದ್ದರೂ ಆ ಹಣ ಹೋಗುವುದು ಆಕೆಯ ವೃದ್ಧಾಪ್ಯದ ಪಿಂಚಣಿ ಮತ್ತು ಆಸ್ಪತ್ರೆ ಖರ್ಚಿನ ವ್ಯವಸ್ಥೆಗೆ. 1993ರಲ್ಲಿ ಅಧ್ಯಕ್ಷ ಕ್ಲಿಂಟನ್ ಅಟಾರ್ನಿ ಜನರಲ್ ಹುದ್ದೆಗೆ ಹೆಸರಿಸಿದ್ದ ಜೋಯಿ ಬೇರ್ಡ್ ಹಿಂದೆ ಸರಿಯಬೇಕಾಯಿತು. ದಾಖಲೆಯಿಲ್ಲದ ವಲಸಿಗರನ್ನು ಮನೆಗೆಲಸಕ್ಕೆ ಇಟ್ಟುಕೊಂಡು ಈ ಹಣ ಕಟ್ಟದೇ ಇದ್ದುದು ಅದಕ್ಕೆ ಕಾರಣ. ಕಲಬುರಗಿ ಕಡೆಯಿಂದ ಅಲ್ಲಿಗೆ ಹೋಗಿ ಮಕ್ಕಳಿಗೆ ನ್ಯಾನಿ ಇಟ್ಟುಕೊಂಡವರಿಗೆ ಈ ನಿಯಮ ಪೂರ್ತಿ ಅನ್ವಯ. ಇಲ್ಲಿರುವವರಿಗೆ ಅಲ್ಲ.

ಇಲ್ಲಿ ಯಾವ ತೆರಿಗೆ ತಗಲುತ್ತದೆ?

ಒಂದೊಂದಾಗಿ ನೋಡೋಣ. ಬೇಗ ಮುಗಿಯುತ್ತದೆ.

ಆದಾಯ ತೆರಿಗೆ: ಸಂಬಳ ಕೊಡುವವರು ಯಾರೇ ಆಗಲಿ, ಪಡೆಯುವವರ ಆದಾಯಕ್ಕೆ ತೆರಿಗೆ ಬೀಳುವುದಿದ್ದರೆ ಮೊದಲೇ ಕಡಿತ ಮಾಡಿ ಕಟ್ಟಬೇಕು. ಇದೇ ಟಿಡಿಎಸ್. ಮಾತಿಗೆ ಇದು ಮನೆಗೂ ಅನ್ವಯ. ಆದರೆ 2025–26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 4 ಲಕ್ಷದವರೆಗೆ ತೆರಿಗೆಯೇ ಇಲ್ಲ, ರಿಯಾಯಿತಿ ಸೇರಿದರೆ 12 ಲಕ್ಷದವರೆಗೂ ಕಟ್ಟುವುದು ಬರುವುದಿಲ್ಲ. ಆ ಮಟ್ಟದ ಪಗಾರ ಪಡೆಯುವ ಆಯಾ ಸೇಡಂನಲ್ಲಿ ಇರಲಿ, ಬೆಂಗಳೂರಿನಲ್ಲೂ ಸಿಗುವುದು ಕಷ್ಟ.

ವೃತ್ತಿ ತೆರಿಗೆ: ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ರೂಪಾಯಿಗಿಂತ ಕಡಿಮೆ ಇದ್ದರೆ ಇಲ್ಲ.

ಇಪಿಎಫ್: 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಿಗೆ. ಇಎಸ್‌ಐ: ಸಾಮಾನ್ಯವಾಗಿ 10 ಅಥವಾ ಹೆಚ್ಚು ಜನರಿದ್ದಲ್ಲಿ. ಒಬ್ಬ ಆಯಾ ಇರುವ ಮನೆ ಈ ಎರಡರ ಲೆಕ್ಕಕ್ಕೂ ಬರುವುದಿಲ್ಲ.

ಇನ್ನೆರಡು ತಪ್ಪು ತಿಳಿವಳಿಕೆ ಇವೆ. ಆಯಾಗೆ ಕೊಟ್ಟ ಪಗಾರವನ್ನು ನಿಮ್ಮ ಆದಾಯದಿಂದ ಕಳೆದು ತೆರಿಗೆ ಉಳಿಸಬಹುದು ಎನ್ನುವುದು ಒಂದು. ಆಗುವುದಿಲ್ಲ, ಅದು ನಿಮ್ಮ ಸ್ವಂತ ಖರ್ಚು. ಕಂಪನಿ ಕೊಟ್ಟ ಕೆಲಸದವರಿಗೆ ನಮ್ಮ ತೆರಿಗೆ ಲೆಕ್ಕ ಸಂಬಂಧವಿಲ್ಲ ಎನ್ನುವುದು ಇನ್ನೊಂದು. ಇದು ಕಾರ್ಖಾನೆ ಬಂಗಲೆಗಳಲ್ಲಿರುವ ಅಧಿಕಾರಿಗಳಿಗೆ ಮುಖ್ಯ: ಮನೆಗೆಲಸದವರ, ತೋಟದವರ, ಕಾವಲಿನವರ ಸಂಬಳವನ್ನು ಕಂಪನಿ ಭರಿಸಿದರೆ ಆ ಮೊತ್ತ ಅಧಿಕಾರಿಯ ಆದಾಯಕ್ಕೆ ಸೇರಿ ತೆರಿಗೆ ಬೀಳುತ್ತದೆ.

‘ಫೋನ್‌ಪೇ ಬ್ಯಾಡ್ರೀ, ರೊಕ್ಕಾನೇ ಕೊಡ್ರಿ’

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಿತು. ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂಬ ಬೋರ್ಡು ಹಾಕಿದ ಅಂಗಡಿಗಳನ್ನು ನಾವೆಲ್ಲ ನೋಡಿದೆವು. ಇಂಥ ಭಯ ಅಂಗಡಿಯಲ್ಲೇ ನಿಲ್ಲುವುದಿಲ್ಲ, ಮನೆಗೆಲಸದವರಿಗೂ ತಟ್ಟುತ್ತದೆ. ಫೋನಿನಲ್ಲಿ ಪಗಾರ ಬಂದರೆ ತೆರಿಗೆಯವರು ಬರುತ್ತಾರೆ, ಗೃಹಲಕ್ಷ್ಮಿಯ 2,000 ನಿಲ್ಲುತ್ತದೆ, ಕಾರ್ಡು ರದ್ದಾಗುತ್ತದೆ ಎಂಬ ಹೆದರಿಕೆ. ಇದರಲ್ಲಿ ಸುಳ್ಳೂ ಇದೆ, ಸ್ವಲ್ಪ ನಿಜವೂ ಇದೆ. ಬೇರ್ಪಡಿಸಿ ನೋಡಬೇಕು.

ಜಿಎಸ್‌ಟಿ ಬೀಳುವುದು ಸರಕು ಮತ್ತು ಸೇವೆಯ ವ್ಯಾಪಾರಕ್ಕೆ. ನೌಕರಳು ತನ್ನನ್ನು ಕೆಲಸಕ್ಕಿಟ್ಟವರಿಗೆ ಮಾಡುವ ಕೆಲಸ ಜಿಎಸ್‌ಟಿ ಕಾಯ್ದೆಯಲ್ಲಿ ‘ಪೂರೈಕೆ’ಯೇ ಅಲ್ಲ ಎಂದು ಅದರ ಮೂರನೇ ಅನುಸೂಚಿ ಹೇಳುತ್ತದೆ. ಪಗಾರ ಎಷ್ಟೇ ಇರಲಿ, ಯಾವ ರೀತಿಯಲ್ಲೇ ಬರಲಿ, ಅದಕ್ಕೆ ಜಿಎಸ್‌ಟಿ ಇಲ್ಲ. (ಏಜೆನ್ಸಿ ಮೂಲಕ ಆಯಾ ಬಂದರೆ ಏಜೆನ್ಸಿಯ ಬಿಲ್ಲಿನಲ್ಲಿ ಶೇ 18 ಜಿಎಸ್‌ಟಿ ಇರಬಹುದು. ಅದು ಏಜೆನ್ಸಿಯ ವ್ಯವಹಾರ, ಆಕೆಯದಲ್ಲ.)

ಗೃಹಲಕ್ಷ್ಮಿ ನಿಲ್ಲುವುದು ಆಕೆ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತಿದ್ದರೆ. ಬ್ಯಾಂಕಿಗೆ ಪಗಾರ ಬಿದ್ದ ಮಾತ್ರಕ್ಕೆ ಇದು ಎರಡೂ ಆಗುವುದಿಲ್ಲ.

ರೇಷನ್ ಕಾರ್ಡಿನ ಭಯಕ್ಕೆ ಮಾತ್ರ ಆಧಾರ ಇದೆ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ. ಅಂದರೆ ತಿಂಗಳಿಗೆ 10,000. ಗಂಡ ಖಣಿಯಲ್ಲಿ ಪರ್ಸಿ ಕಲ್ಲು ಹೊರುತ್ತ, ಹೆಂಡತಿ ಕೂಸು ನೋಡುತ್ತ ಇದ್ದರೆ ಇಬ್ಬರ ದುಡಿಮೆ ಸೇರಿ ಈ ಗೆರೆ ದಾಟುವುದು ಕಷ್ಟವೇನಲ್ಲ. ಒಂದು ಕಡೆ ಸರ್ಕಾರ ಕನಿಷ್ಠ ವೇತನ ಕೊಡಿ ಎನ್ನುತ್ತದೆ. ಇನ್ನೊಂದು ಕಡೆ ಅದನ್ನು ನಿಜವಾಗಿಯೂ ಪಡೆದ ಕುಟುಂಬವನ್ನು ಬಡವರ ಪಟ್ಟಿಯಿಂದ ಕೈಬಿಡುವ ಗೆರೆ ಹಾಕಿದೆ. ‘ರೊಕ್ಕಾನೇ ಕೊಡ್ರಿ’ ಎನ್ನುವಾಕೆಯನ್ನು ತಿಳಿವಳಿಕೆ ಇಲ್ಲದವಳು ಎಂದು ನಗುವ ಮೊದಲು ಈ ಲೆಕ್ಕ ಹಾಕಿ ನೋಡಿ. ಕಾರ್ಡು ಹೋದರೆ ಅಕ್ಕಿಯಷ್ಟೇ ಅಲ್ಲ, ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ಚಿಕಿತ್ಸೆಯ ಸೌಲಭ್ಯವೂ ಹಾಗೇ ಉಳಿಯುವುದಿಲ್ಲ. ಅಸಂಘಟಿತ ಕಾರ್ಮಿಕರಿಗಾಗಿ 2021ರ ಆಗಸ್ಟ್‌ನಲ್ಲಿ ಶುರುವಾದ ಇ–ಶ್ರಮ್ ನೋಂದಣಿಯ ಮಾತು ಬೇರೆ. ಅದರಿಂದ ಕಾರ್ಡು ಕಳೆದುಕೊಳ್ಳುವ ಪ್ರಶ್ನೆ ಇಲ್ಲ. ಇ–ಶ್ರಮ್‌ನಲ್ಲಿ ಇದ್ದೂ ರೇಷನ್ ಕಾರ್ಡ್ ಇಲ್ಲದವರಿಗೆ ಕಾರ್ಡ್ ಕೊಡಿ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಹೇಳಿದೆ.

ತೆರಿಗೆ ಇಲ್ಲ ಎಂದರೆ ಕಾನೂನೇ ಇಲ್ಲವೇ?

ಇದೆ. ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕ ಒಂದು. 2004ರಲ್ಲೇ ಅಧಿಸೂಚನೆ ಬಂತು. ಆ ದರ ವಲಯವಾರು ಬೇರೆ, ತುಟ್ಟಿಭತ್ಯೆಯಿಂದಾಗಿ ವರ್ಷ ವರ್ಷವೂ ಬದಲಾಗುತ್ತದೆ. ಹಾಗಾಗಿ ವಾಟ್ಸ್‌ಆ್ಯಪ್‌ನಲ್ಲಿ ಬಂದ ಅಂಕಿ ನಂಬದೆ ನಿಮ್ಮ ಭಾಗದ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳುವುದೇ ಸರಿ. ಇಷ್ಟು ವರ್ಷವಾದರೂ ಈ ಅಧಿಸೂಚನೆ ಮನೆಯೊಳಗೆ ಬಂದೇ ಇಲ್ಲ ಎಂಬುದು ನಮಗೆಲ್ಲ ಗೊತ್ತು. ಸಣ್ಣ ಊರುಗಳಲ್ಲಿ ಪಗಾರ ತೀರ್ಮಾನವಾಗುವುದು ‘ಪಕ್ಕದ ಮನೆಯವರು ಎಷ್ಟು ಕೊಡ್ತಾರ?’ ಎಂಬ ಒಂದು ಪ್ರಶ್ನೆಯಿಂದ. ಮೇಲೆ ಉಳಿದ ರೊಟ್ಟಿ–ಪಲ್ಯ, ಹಬ್ಬಕ್ಕೊಂದು ಸೀರೆ. ಅದನ್ನೂ ಪಗಾರದ ಲೆಕ್ಕಕ್ಕೆ ಹಿಡಿಯುವವರಿದ್ದಾರೆ. ಸೀರೆ ಪ್ರೀತಿಯಿಂದ ಕೊಟ್ಟದ್ದಾದರೆ ಅದು ಉಡುಗೊರೆ, ಪಗಾರವಲ್ಲ.

ಕೂಸು ನೋಡಿಕೊಳ್ಳುವ ಕೆಲಸದಲ್ಲಿ ಕಾನೂನು ಅತ್ಯಂತ ಕಟ್ಟುನಿಟ್ಟಾಗಿರುವುದು ವಯಸ್ಸಿನ ವಿಷಯದಲ್ಲಿ. ಹಳ್ಳಿಯಿಂದಲೋ ತಾಂಡಾದಿಂದಲೋ ಹತ್ತು–ಹನ್ನೆರಡು ವರ್ಷದ ಹುಡುಗಿಯನ್ನು ‘ಕೂಸು ಆಡಿಸಾಕ’ ಎಂದು ಕರೆತಂದು ಮನೆಯಲ್ಲಿಟ್ಟುಕೊಳ್ಳುವ ರೂಢಿ ಹಳೆಯದು. ಊಟ, ಬಟ್ಟೆ ಕೊಡುತ್ತೇವೆ, ನಮ್ಮ ದೂರದ ಸಂಬಂಧಿಕರ ಮಗಳೇ ಎಂಬ ಸಮಾಧಾನವೂ ಇರುತ್ತದೆ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧ. 2016ರ ತಿದ್ದುಪಡಿಯ ನಂತರ ಶಿಕ್ಷೆ 6 ತಿಂಗಳಿಂದ 2 ವರ್ಷ ಸೆರೆ, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಶಾಲೆ ಬಿಟ್ಟ ಮೇಲೆ ಕುಟುಂಬಕ್ಕೆ ನೆರವಾಗುವ ಮಕ್ಕಳಿಗೆ ವಿನಾಯಿತಿ ಇದೆ, ನಿಜ. ಆದರೆ ಅಲ್ಲಿ ಕುಟುಂಬ ಎಂದರೆ ಆ ಮಗುವಿನ ತಂದೆ, ತಾಯಿ, ಒಡಹುಟ್ಟಿದವರು, ತಂದೆ ಮತ್ತು ತಾಯಿಯ ಒಡಹುಟ್ಟಿದವರು ಮಾತ್ರ. ‘ದೂರದ ಸಂಬಂಧ’ ಅದರಲ್ಲಿಲ್ಲ. ಇಂಥದ್ದು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಇನ್ನೊಂದು: ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ನಿಮ್ಮ ಮನೆ ಆಕೆಯ ‘ಕೆಲಸದ ಸ್ಥಳ’. ದೂರು ಕೊಡಲು ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ ಇರಬೇಕು.

ಗೋಡೆಯ ಈಚೆ, ಗೋಡೆಯ ಆಚೆ

ವಾಡಿ, ಮಳಖೇಡ, ಸೇಡಂ ಮೂರೂ ಕಡೆ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. ಅಲ್ಲಿ ಲೋಡಿಂಗ್ ಮಾಡುವ ಗುತ್ತಿಗೆ ಕಾರ್ಮಿಕನಿಗೂ ಕಾನೂನಿನ ಪ್ರಕಾರ ಪಿಎಫ್ ಇರಬೇಕು. ಅವನ ಮೂಲವೇತನದಿಂದ ಶೇ 12, ಅಷ್ಟೇ ಮೊತ್ತ ಮಾಲೀಕರಿಂದ. ಅದೇ ಕಾರ್ಖಾನೆಯ ಕಾಲೊನಿಯೊಳಗೆ ಅಧಿಕಾರಿಯ ಕೂಸನ್ನು ಎಂಟು ಗಂಟೆ ಎತ್ತಿಕೊಳ್ಳುವಾಕೆಗೆ ಇದಾವುದೂ ಇಲ್ಲ. ಕಲಬುರಗಿಯಲ್ಲಿ ಇಎಸ್‌ಐನ ದೊಡ್ಡ ವೈದ್ಯಕೀಯ ಕಾಲೇಜು, ಆಸ್ಪತ್ರೆ ಇವೆ. ವಿಮೆ ಮಾಡಿಸಿದ ಕಾರ್ಮಿಕರ ಹಣದಿಂದ ನಡೆಯುವ ಸಂಸ್ಥೆ ಅದು. ಆಕೆಗೆ ಆ ವಿಮೆಯ ಕಾರ್ಡ್ ಸಿಗುವ ದಾರಿಯೇ ಇಲ್ಲ. ಆಕೆಯ ಕೆಲಸ ಹಗುರ ಎಂಬುದಲ್ಲ ಕಾರಣ. ‘ಸಂಸ್ಥೆ’ ಎಂಬ ಪದದ ವ್ಯಾಖ್ಯೆಯೊಳಗೆ ಮನೆ ಬರುವುದಿಲ್ಲ, ಅಷ್ಟೇ.

ಕಲಬುರಗಿಯ ಸಂಸದರಾಗಿದ್ದ ಮಲ್ಲಿಕಾರ್ಜುನ ಖರ್ಗೆ 2009ರಿಂದ 2013ರವರೆಗೆ ಕೇಂದ್ರದ ಕಾರ್ಮಿಕ ಸಚಿವರಾಗಿದ್ದರು. ಆ ಅವಧಿಯಲ್ಲೇ, 2011ರ ಜೂನ್‌ನಲ್ಲಿ, ಎರಡು ಸಂಗತಿ ನಡೆದವು. ಜಿನೀವಾದಲ್ಲಿ ಮನೆಗೆಲಸದವರ ಹಕ್ಕುಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೇ ಒಡಂಬಡಿಕೆ ಅಂಗೀಕಾರವಾಯಿತು. ಭಾರತ ಅದರ ಪರ ಮತ ಹಾಕಿತು, ಆದರೆ ತಾನು ಅದಕ್ಕೆ ಬದ್ಧವಾಗುವ ಅನುಮೋದನೆಯನ್ನು ಇಂದಿಗೂ ಕೊಟ್ಟಿಲ್ಲ. ಅದೇ ತಿಂಗಳು 30,000 ರೂಪಾಯಿಯ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯನ್ನು ಮನೆಗೆಲಸದವರಿಗೂ ವಿಸ್ತರಿಸಲು ಕೇಂದ್ರ ಸಂಪುಟ ಒಪ್ಪಿತು. ವಿಮೆಯ ಹಣ ಬರಬೇಕಾಗಿದ್ದುದು ಸರ್ಕಾರದ ಬೊಕ್ಕಸದಿಂದ. ಕೆಲಸಕ್ಕಿಟ್ಟುಕೊಂಡ ಮನೆಯವರ ಪಾಲು ಏನು ಎಂಬ ಪ್ರಶ್ನೆಯನ್ನು ಆಗಲೂ ಯಾರೂ ಮುಟ್ಟಲಿಲ್ಲ.

ಆದರೆ ಮನೆಯವರಿಂದ ಕಾರ್ಮಿಕರಿಗಾಗಿ ಹಣ ಪಡೆಯುವುದು ನಮ್ಮಲ್ಲಿ ಹೊಸದಲ್ಲ. ಮನೆ ಕಟ್ಟಿಸಿದವರಿಗೆ ಗೊತ್ತಿರುತ್ತದೆ. ನಿರ್ಮಾಣ ವೆಚ್ಚ ಒಂದು ಮಿತಿ ದಾಟಿದರೆ ಶೇ 1ರಷ್ಟು ಕಾರ್ಮಿಕ ಸೆಸ್ ಕಟ್ಟಬೇಕು. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನ, ಮದುವೆಗೆ ಸಿಗುವ ನೆರವು ಆ ಹಣದಿಂದಲೇ. ಮನೆ ಕಟ್ಟಿದ ಗೌಂಡಿಯ ಹೆಸರಿನಲ್ಲಿ ಒಂದು ನಿಧಿ ಇದೆ. ಅದೇ ಮನೆಯೊಳಗೆ ಕೂಸು ಬೆಳೆಸಿದಾಕೆಯ ಹೆಸರಿನಲ್ಲಿ ಇಲ್ಲ.

ಶೇ 5ರ ಮಾತು

ಇದನ್ನೇ ಬದಲಿಸಲು ರಾಜ್ಯ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಮನೆಗೆಲಸದವರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಮಸೂದೆಯ ಕರಡು ಪ್ರಕಟಿಸಿತು. ಕೆಲಸಗಾರರು ಮತ್ತು ಕೆಲಸಕ್ಕಿಟ್ಟವರು ಇಬ್ಬರ ನೋಂದಣಿ, ಲಿಖಿತ ಒಪ್ಪಂದ, ವಾರದ ರಜೆ, ಒಂದು ಕಲ್ಯಾಣ ಮಂಡಳಿ, ಮತ್ತು ಕೆಲಸಕ್ಕಿಟ್ಟವರಿಂದ ಪಗಾರದ ಗರಿಷ್ಠ ಶೇ 5ರಷ್ಟು ಕಲ್ಯಾಣ ಶುಲ್ಕ ಅದರಲ್ಲಿವೆ. ನಮ್ಮಲ್ಲಿ ‘ನ್ಯಾನಿ ಟ್ಯಾಕ್ಸ್’ಗೆ ಅತ್ಯಂತ ಹತ್ತಿರದ್ದು ಇದೇ. ಆದರೆ ಕರಡು ಕಾಯ್ದೆಯಲ್ಲ. ಶಾಸನಸಭೆ ಒಪ್ಪಿ, ಅಂಕಿತ ಬಿದ್ದು, ದರ ಅಧಿಸೂಚನೆಯಾಗುವವರೆಗೆ ಯಾರೂ ನಿಮ್ಮ ಮನೆ ಬಾಗಿಲಿಗೆ ಬಂದು ಶೇ 5 ಕೇಳುವಂತಿಲ್ಲ. ಕೇಳಿದರೆ ಅದು ಮೋಸ.

ಲೆಕ್ಕ ಹಾಕಿದರೆ ಇದು ದೊಡ್ಡ ಹೊರೆಯಲ್ಲ. 8,000 ರೂಪಾಯಿ ಪಗಾರಕ್ಕೆ ಶೇ 5 ಎಂದರೆ ತಿಂಗಳಿಗೆ 400. ಆದರೂ ಕೆಲವು ಅನುಮಾನಗಳು ಉಳಿಯುತ್ತವೆ. ಬಾಯಿಮಾತಿನಲ್ಲಿ ಪಗಾರ ಕುದುರುವ ಊರಲ್ಲಿ ಯಾವ ಮೊತ್ತದ ಮೇಲೆ ಶೇ 5? ಮೂರು ಮನೆ ಮಾಡುವಾಕೆಗೆ ಯಾವ ಮನೆ ನೋಂದಣಿ ಮಾಡಿಸಬೇಕು? 400 ಉಳಿಸಲು ಪಗಾರವನ್ನೇ 400 ಇಳಿಸಿದರೆ ಕೇಳುವವರು ಯಾರು? ಇನ್ನೊಂದು ಅಡ್ಡಿ ಈ ಭಾಗದ್ದೇ. ಚಿಂಚೋಳಿಯ ತಾಂಡಾಗಳಿಂದ ಹೈದರಾಬಾದ್, ಮುಂಬೈಗೆ ದುಡಿಯಲು ಹೋಗುವವರಿಗೆ ಕರ್ನಾಟಕದ ಮಂಡಳಿಯ ನೆರಳು ತಲುಪುವುದಿಲ್ಲ. ಮಹಾರಾಷ್ಟ್ರ 2008ರಲ್ಲೇ ಮನೆಗೆಲಸದವರ ಮಂಡಳಿಗೆ ಕಾಯ್ದೆ ಮಾಡಿದೆ. ಆದರೆ ಒಂದು ರಾಜ್ಯದ ನೋಂದಣಿ ಇನ್ನೊಂದರಲ್ಲಿ ನಡೆಯುವುದಿಲ್ಲ.

ನಲವತ್ತಕ್ಕೆ ಮುಚ್ಚುವ ಬಾಗಿಲು

ಕಾಯ್ದೆ ಬರಲಿ ಎಂದು ಕಾಯುತ್ತ ಕೂತರೆ ನಷ್ಟ ನಿಮಗಲ್ಲ, ಆಕೆಗೆ. ಏಕೆಂದರೆ ಈಗಿರುವ ಮುಖ್ಯ ಪಿಂಚಣಿ ಯೋಜನೆಗೆ ವಯಸ್ಸಿನ ಗಡಿ ಇದೆ. ಪ್ರಧಾನ ಮಂತ್ರಿ ಶ್ರಮ ಯೋಗಿ ಮಾನ್‌ಧನ್ 2019ರಲ್ಲಿ ಶುರುವಾಯಿತು. ತಿಂಗಳ ಆದಾಯ 15,000 ರೂಪಾಯಿ ಮೀರದ, ಪಿಎಫ್, ಇಎಸ್‌ಐ ಇಲ್ಲದ, 18ರಿಂದ 40 ವರ್ಷದವರು ಸೇರಬಹುದು. 18ಕ್ಕೆ ಸೇರಿದರೆ ತಿಂಗಳಿಗೆ 55 ರೂಪಾಯಿ, 29ಕ್ಕೆ 100, 40ಕ್ಕೆ 200. ಅಷ್ಟೇ ಹಣವನ್ನು ಕೇಂದ್ರ ಹಾಕುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ. ಆಧಾರ್ ಮತ್ತು ಉಳಿತಾಯ ಖಾತೆಯ ಪುಸ್ತಕ ಹಿಡಿದು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋದರೆ ನೋಂದಣಿ ಆಗುತ್ತದೆ.

ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿ: ಮನೆಗೆಲಸದವರ ಪಾಲಿನ ಈ ಕಂತನ್ನು ಮನೆಯವರೇ ಕಟ್ಟಲು 2022ರಲ್ಲಿ ‘ಡೊನೇಟ್ ಎ ಪೆನ್ಷನ್’ ಎಂಬ ಅವಕಾಶ ಬಂದಿದೆ. ವಯಸ್ಸಿಗೆ ತಕ್ಕಂತೆ ವರ್ಷಕ್ಕೆ 660ರಿಂದ 2,400 ರೂಪಾಯಿ. ಅಮೆರಿಕದ ಕುಟುಂಬ ಕಾನೂನಿಗೆ ಅಂಜಿ ಕಟ್ಟುವುದನ್ನು ಇಲ್ಲಿ ಯಾರ ಒತ್ತಾಯವೂ ಇಲ್ಲದೆ ಕಟ್ಟಬೇಕು. ಹಾಗಾಗಿಯೇ ಕಟ್ಟುವವರು ಕಡಿಮೆ. ದಾನ ಎಂಬ ಹೆಸರು ನನಗೆ ಸರಿ ಕಾಣುವುದಿಲ್ಲ. ಕಾರ್ಖಾನೆಯ ಮಾಲೀಕರು ಪಿಎಫ್ ಕಟ್ಟಿದರೆ ಅದನ್ನು ಯಾರೂ ದಾನ ಎನ್ನುವುದಿಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಆ 3,000 ಬೆಲೆಯೇರಿಕೆಗೆ ತಕ್ಕಂತೆ ಏರುವುದಿಲ್ಲ. ಇಂದು 29ರ ವಯಸ್ಸಿನಾಕೆಗೆ ಅದು ಸಿಗುವುದು 31 ವರ್ಷದ ನಂತರ. ಆಗ ಅದಕ್ಕೆ ಎಷ್ಟು ಜೋಳ ಬರುತ್ತದೋ ಊಹಿಸಿಕೊಳ್ಳಿ. ಸಾಕಾಗುವುದಿಲ್ಲ, ಆದರೆ ಏನೂ ಇಲ್ಲದ್ದಕ್ಕಿಂತ ಮೇಲು.

ನಲವತ್ತು ದಾಟಿದವರ ಪಾಡು ಕಷ್ಟ. ಕೂಸು ನೋಡಿಕೊಳ್ಳಲು ನಾವು ಹುಡುಕುವುದು ಸ್ವಂತ ಮಕ್ಕಳನ್ನು ಬೆಳೆಸಿ ಅನುಭವ ಇರುವವರನ್ನೇ. ಅಂದರೆ ಬಹಳ ಸಲ ಈ ಬಾಗಿಲು ದಾಟಿಹೋದವರನ್ನೇ. ಅಟಲ್ ಪಿಂಚಣಿಗೂ 40ರ ಗಡಿಯೇ. ಅವರಿಗೆ ಉಳಿಯುವುದು ಅಂಚೆ ಕಚೇರಿಯ ಆರ್‌ಡಿ (ತಿಂಗಳಿಗೆ 100 ರೂಪಾಯಿಯಿಂದ, ಐದು ವರ್ಷ), ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಕೊಡುವ ಸುರಕ್ಷಾ ಬಿಮಾ (70ರವರೆಗೆ), 50 ಮೀರದವರಿಗೆ 436 ರೂಪಾಯಿಯ ಜೀವನ್ ಜ್ಯೋತಿ. ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರು, ಟೈಲರ್‌ಗಳ ಜೊತೆಗೆ ಮನೆಗೆಲಸದವರೂ ಇದ್ದಾರೆ. ಅದರ ನೋಂದಣಿ ಕಾರ್ಮಿಕ ಇಲಾಖೆಯಲ್ಲಿ.

ನೋಂದಣಿಗೆ ಹೋಗುವ ಮೊದಲು ಆಕೆಯ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನಾಂಕ ನೋಡಿ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ ಕಾರ್ಡಿನಲ್ಲಿ ಜನವರಿ 1 ಎಂದಿರುತ್ತದೆ. ಅಂದಾಜಿಗೆ ಬರೆಸಿದ ವರ್ಷ, ಅಂದಾಜಿಗೆ ಬರೆಸಿದ ದಿನ. ಸೇವಾ ಕೇಂದ್ರದ ಕಂಪ್ಯೂಟರ್ ಆಕೆಯ ಮುಖ ನೋಡಿ ವಯಸ್ಸು ಲೆಕ್ಕ ಹಾಕುವುದಿಲ್ಲ, ಆ ದಿನಾಂಕವನ್ನೇ ನೋಡುತ್ತದೆ. ಶಾಲೆಯ ದಾಖಲೆ ಇದ್ದು ವರ್ಷ ತಪ್ಪಾಗಿದ್ದರೆ ಆಧಾರ್ ಕೇಂದ್ರದಲ್ಲಿ ತಿದ್ದಿಸಬಹುದು, ಆದರೆ ಸಾಮಾನ್ಯವಾಗಿ ಒಮ್ಮೆ ಮಾತ್ರ. ಕಾರ್ಡಿನ ಪ್ರಕಾರ ಆಕೆಗೆ ಈಗ 39 ಇದ್ದರೆ ಈ ವಾರವೇ ಹೋಗಿ.